ಡೇರಿ ಆ್ಯಪ್‌ಗೆ ಫೈರ್‌ಸ್ಟೋರ್: ಸಿಗ್ನಲ್ ಇಲ್ಲದ ಊರಿಗೆ ಒಗ್ಗುತ್ತೆ, ರೀಡ್ ಲೆಕ್ಕ ಮಾತ್ರ ನೀವೇ ಇಡಬೇಕು

ಐದಕ್ಕೆ ನಾಲ್ಕು ಸ್ಟಾರ್.

ನಮ್ಮ ಕಡೆಯ ಹಾಲಿನ ಡೇರಿಗೆ ಮಾಡಿಕೊಟ್ಟ ಆಂಡ್ರಾಯ್ಡ್ ಆ್ಯಪ್ ಕೆಲವು ವರ್ಷಗಳಿಂದ ಗೂಗಲ್‌ನ ಕ್ಲೌಡ್ ಡೇಟಾಬೇಸ್ ಫೈರ್‌ಸ್ಟೋರ್ ಮೇಲೆಯೇ ಓಡುತ್ತಿದೆ. ಅದಕ್ಕೂ ಮೊದಲು ಶೇರ್ಡ್ ಹೋಸ್ಟಿಂಗ್‌ನಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್, ಆ್ಯಪ್‌ಗೂ ಅದಕ್ಕೂ ನಡುವೆ ಪಿಎಚ್‌ಪಿ ಕೋಡ್ ಇತ್ತು. ಸಿಗ್ನಲ್ ಹೋದರೆ ಚಕ್ರ ತಿರುಗುತ್ತಲೇ ಇರುತ್ತಿತ್ತು, ಕ್ಯಾನ್ ಹಿಡಿದವರ ಸಾಲು ರಸ್ತೆವರೆಗೆ ಬರುತ್ತಿತ್ತು. (ನಡುವೆ ಏನೂ ಇಲ್ಲದೆ ಆ್ಯಪ್‌ನಿಂದ ನೇರ ಮೈಎಸ್‌ಕ್ಯೂಎಲ್‌ಗೆ ಕನೆಕ್ಟ್ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಆ್ಯಪ್‌ನ ಇನ್‌ಸ್ಟಾಲ್ ಫೈಲ್ ಎಪಿಕೆ ಬಿಚ್ಚಿದವರಿಗೆ ಪಾಸ್‌ವರ್ಡ್ ಸಿಕ್ಕಿಬಿಡುತ್ತೆ.)

ಫೈರ್‌ಸ್ಟೋರ್‌ನಲ್ಲಿ ಆಂಡ್ರಾಯ್ಡ್‌ಗೆ ಆಫ್‌ಲೈನ್ ಸೌಲಭ್ಯ ಮೊದಲೇ ಆನ್ ಇರುತ್ತೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಒತ್ತಿದರೆ ಫೋನಿನಲ್ಲೇ ಕೂರುತ್ತೆ, ಸಿಗ್ನಲ್ ಬಂದಾಗ ಸರ್ವರ್‌ಗೆ ಹೋಗುತ್ತೆ. ಆದರೆ ಸರ್ವರ್ ಒಪ್ಪುವವರೆಗೂ ಕೋಡ್‌ಗೆ ಸಕ್ಸಸ್ ಬರುವುದಿಲ್ಲ. ಅದಕ್ಕೆ ಕಾಯುತ್ತಾ ಕೂರಬೇಡಿ, ಡೇಟಾ ಬದಲಾದಾಗ ತಿಳಿಸುವ ಲಿಸನರ್ ಕೊಡುವುದನ್ನೇ ಸ್ಕ್ರೀನ್‌ನಲ್ಲಿ ತೋರಿಸಿ. ಹ್ಯಾಸ್‌ಪೆಂಡಿಂಗ್‌ರೈಟ್ಸ್ ಟ್ರೂ ಇರುವಷ್ಟು ಹೊತ್ತು, ಅಂದರೆ ಎಂಟ್ರಿ ಇನ್ನೂ ಸರ್ವರ್ ಸೇರದಿರುವಷ್ಟು ಹೊತ್ತು, ನಾವು ಎಂಟ್ರಿ ಪಕ್ಕ ಪುಟ್ಟ ಗಡಿಯಾರ ತೋರಿಸುತ್ತೇವೆ. ಅದು ಮಾಯವಾಗುವ ತನಕ ಆ್ಯಪ್ ಡೇಟಾ ಕ್ಲಿಯರ್ ಮಾಡಬಾರದು ಅಂತ ಕಾರ್ಯದರ್ಶಿಗಳಿಗೂ ಗೊತ್ತು. ಟ್ರಾನ್ಸಾಕ್ಷನ್ (ಓದಿ, ಲೆಕ್ಕ ಹಾಕಿ, ಒಟ್ಟಿಗೇ ಬರೆಯುವುದು) ಆಫ್‌ಲೈನ್‌ನಲ್ಲಿ ನಡೆಯಲ್ಲ, ಒಟ್ಟು ಮೊತ್ತಕ್ಕೆ ಇನ್‌ಕ್ರಿಮೆಂಟ್ (ಇರುವ ಅಂಕಿಗೆ ಇಷ್ಟು ಕೂಡಿಸು ಅನ್ನುವ ಆದೇಶ) ಸಾಕು.

ಇನ್ನು ದುಡ್ಡಿನ ವಿಷಯ. ಒಂದು ಡಾಕ್ಯುಮೆಂಟ್ (ಒಂದು ದಾಖಲೆ, ನಮಗೆ ಒಂದು ಎಂಟ್ರಿ) ಓದಿದರೆ ಒಂದು ರೀಡ್, ಬರೆದರೆ ಒಂದು ರೈಟ್. ದಿನಕ್ಕೆ 50,000 ರೀಡ್, 20,000 ರೈಟ್ ಪುಕ್ಕಟೆ. ದೊಡ್ಡದು ಅನಿಸುತ್ತೆ. ಇನ್ನೂರು ಸದಸ್ಯರು, ದಿನಕ್ಕೆರಡು ಹೊತ್ತು, ಹದಿನೈದು ದಿನದ ಬಟವಾಡೆ: ಒಂದು ಸಲ ಪಟ್ಟಿ ಪೂರ್ತಿ ಸರ್ವರ್‌ನಿಂದ ಎಳೆದರೆ 6,000 ರೀಡ್. ಒಂಬತ್ತನೇ ಸಲಕ್ಕೆ ಕೋಟಾ ಖಲಾಸ್! ಅದಕ್ಕೇ ಪ್ರತಿ ಸದಸ್ಯರಿಗೆ ಬಟವಾಡೆಗೊಂದು ಮೊತ್ತದ ಡಾಕ್ಯುಮೆಂಟ್ ಬೇರೆ ಇಟ್ಟಿದ್ದೇವೆ, ಪಟ್ಟಿ 200 ರೀಡ್‌ನಲ್ಲಿ ಮುಗಿಯುತ್ತೆ. ಇನ್ನೊಂದು ತಮಾಷೆ: ಕೋಟಾದ ದಿನ ಬದಲಾಗುವುದು ಅಮೆರಿಕದ ಪೆಸಿಫಿಕ್ ಮಧ್ಯರಾತ್ರಿಗೆ, ಅಂದರೆ ನಮಗೆ ಮಧ್ಯಾಹ್ನ ಹನ್ನೆರಡೂವರೆ, ಅವರ ಚಳಿಗಾಲದಲ್ಲಿ ಒಂದೂವರೆ. ಹಾಗಾಗಿ ಇವತ್ತಿನ ಸಂಜೆ ಹಾಲು, ನಾಳೆ ಬೆಳಗಿನ ಹಾಲು ಒಂದೇ ಲೆಕ್ಕಕ್ಕೆ.

ಡೇಟಾಬೇಸ್ ಮಾಡುವಾಗಲೇ ಮುಂಬೈ ರೀಜನ್ (ಡೇಟಾ ಇಡುವ ಜಾಗ) ಆರಿಸಿ, ಆಮೇಲೆ ಬದಲಿಸಲು ಬರಲ್ಲ. ಟೆಸ್ಟ್ ಮೋಡ್‌ನಲ್ಲಿ ಶುರು ಮಾಡಿದರೆ 30 ದಿನ ಯಾರು ಬೇಕಾದರೂ ಓದಬಹುದು, ಬರೆಯಬಹುದು. ನಡುವೆ ನಮ್ಮ ಸರ್ವರ್ ಇಲ್ಲವಲ್ಲ, ಸೆಕ್ಯೂರಿಟಿ ರೂಲ್ಸೇ ಕಾವಲು. ಯಾವ ಲಾಗಿನ್ ಯಾವ ಸಂಘದ್ದನ್ನು ಬರೆಯಬಹುದು ಅನ್ನುವುದನ್ನು ಮೊದಲ ದಿನವೇ ಅಲ್ಲಿ ಬರೆದುಬಿಡಿ.

ಒಂದು ಸ್ಟಾರ್ ಕಡಿತ ಯಾಕೆಂದರೆ ವರದಿಗಳು. ಹತ್ತಾರು ಸಂಘಗಳ ಡೇಟಾ ಜೋಡಿಸಿ, ಜಾಯಿನ್ ಹಾಕಿ ನೋಡುವ ಕೆಲಸವೇ ಹೆಚ್ಚಿದ್ದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ನಿಂತಿರುವ ಸುಪಾಬೇಸ್ ಥರದ್ದನ್ನು ನೋಡಿ.