ಕನೂ ಪ್ರವಾಸದಲ್ಲಿ ಹಣ್ಣಿನ ಸಿಹಿ: ಡಚ್ ಅವನ್ನೋ, ರಿಫ್ಲೆಕ್ಟರೋ, ಫಾಯಿಲೋ?

ಕೆನಡಾದ ಅಲ್ಗಾಂಕ್ವಿನ್ ಪಾರ್ಕಿನಲ್ಲಿ ಬ್ಲೂಬೆರಿ ಕಾಬ್ಲರ್ (ಹಣ್ಣಿನ ಮೇಲೆ ಹಿಟ್ಟು ಹಾಕಿ ಬೇಯಿಸುವ ಸಿಹಿ) ಮಾಡಲು ಈ ಮೂರರಲ್ಲಿ ಯಾವುದನ್ನು ಒಯ್ಯಲಿ ಅಂತ ಕೇಳಿದ್ದೀರಿ. ಮೊದಲು ನಕ್ಷೆ ನೋಡಿ. ಕನೂ ಅನ್ನೋ ಹಗುರ ದೋಣಿ, ಸಾಮಾನು ಎಲ್ಲ ಒಂದು ಸರೋವರದಿಂದ ಇನ್ನೊಂದಕ್ಕೆ ಹೆಗಲ ಮೇಲೆ ಹೊತ್ತು ನಡೆಯುವ ಪೋರ್ಟೇಜ್ ಎಷ್ಟಿವೆ?

ಡಚ್ ಅವನ್ ಅಂದರೆ ಮುಚ್ಚಳವಿರುವ ದಪ್ಪ ಪಾತ್ರೆ; ಬೀಡುಕಬ್ಬಿಣದ ಹತ್ತು ಇಂಚಿನದು ಹೆಚ್ಚುಕಮ್ಮಿ 5-6 ಕಿಲೋ. ದೋಣಿಯಲ್ಲಿ ಅದರ ಭಾರ ಗೊತ್ತೇ ಆಗಲ್ಲ, ಏರುದಾರಿಯಲ್ಲಿ ಚೆನ್ನಾಗಿ ಗೊತ್ತಾಗುತ್ತೆ! ಅಲ್ಯೂಮಿನಿಯಂನದು ಅದಕ್ಕಿಂತ ತುಂಬಾ ಹಗುರ. ಬೆಂಕಿಯ ಶಾಖವನ್ನು ತಟ್ಟೆಯ ಕಡೆಗೆ ತಿರುಗಿಸುವ, ಮಡಚಬಹುದಾದ ತಗಡಿನ ರಿಫ್ಲೆಕ್ಟರ್ ಅವನ್ ಇನ್ನೂ ಹಗುರ. ಫಾಯಿಲ್‌ಗೆ ತೂಕವೇ ಇಲ್ಲ, ದುಡ್ಡೂ ಅಷ್ಟೇ.

ಆದರೆ ಕಾಬ್ಲರ್ ಚೆನ್ನಾಗಿ ಬರೋದು ಡಚ್ ಅವನ್‌ನಲ್ಲೇ. ಕೆಂಡ ಕೆಳಗೆ ಕಡಿಮೆ, ಮುಚ್ಚಳದ ಮೇಲೆ ಜಾಸ್ತಿ. ಕೆಳಗೆ ಜಾಸ್ತಿಯಾದರೆ ಸಕ್ಕರೆ ಸೀದು ತಳ ಹಿಡಿಯುತ್ತೆ. ಅಂಚಿನಲ್ಲಿ ನೇರಳೆ ರಸ ಉಕ್ಕಿ, ಮೇಲಿನ ಹಿಟ್ಟು ಕಂದುಬಣ್ಣಕ್ಕೆ ತಿರುಗಿದರೆ ಆಯ್ತು.

ರಿಫ್ಲೆಕ್ಟರ್‌ಗೆ ಕೆಂಡ ಸಾಲದು, ಎದುರಿಗೆ ಉರಿಯುವ ಜ್ವಾಲೆ ಬೇಕು. ಗಾಳಿ ಬೀಸಿದರೆ ಕಷ್ಟ. ತಟ್ಟೆಯನ್ನು ನಡುವೆ ಒಮ್ಮೆ ತಿರುಗಿಸಬೇಕು. ಬೇಯುವುದು ಕಣ್ಣೆದುರೇ ಕಾಣುತ್ತಲ್ವಾ, ಹೊಸಬರಿಗೆ ಅದು ಅನುಕೂಲ.

ಫಾಯಿಲ್‌ನಲ್ಲಿ ಕಾಬ್ಲರ್ ಆಸೆ ಬಿಡಿ. ಸೇಬಿನ ನಡುವಿನ ಬೀಜದ ಭಾಗ ತೆಗೆದು, ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ತುಂಬಿ, ಎರಡು ಸುತ್ತು ಸುತ್ತಿ ಕೆಂಡದ ಪಕ್ಕ ಇಡಿ. ಸುಮಾರು ಅರ್ಧ ಗಂಟೆ ಸಾಕು. ಫಾಯಿಲನ್ನು ಬೆಂಕಿಗೆ ಹಾಕಬೇಡಿ, ವಾಪಸ್ ತನ್ನಿ.

ಒಂದೇ ಕಡೆ ಬಿಡಾರ, ಆರು ಜನ ಇದ್ದರೆ ಡಚ್ ಅವನ್. ದಿನಾ ಜಾಗ ಬದಲಿಸುವ ಇಬ್ಬರಿಗೆ ರಿಫ್ಲೆಕ್ಟರ್. ಒಂದೇ ರಾತ್ರಿಗೆ ಸುಮ್ನೆ ಫಾಯಿಲ್. ಬೆಂಕಿ ನಿಷೇಧವಿದೆಯಾ ಅಂತ ಹೊರಡುವ ಮೊದಲೇ ವಿಚಾರಿಸಿ.