ಹಿತ್ತಲಿನ ಹಕ್ಕಿಗಳಿಗೆ ನಿಕಾನ್ ಕೂಲ್‌ಪಿಕ್ಸ್ ಪಿ950

ಮೈಸೂರಿನ ನಮ್ಮ ಮನೆಯ ಹಿಂದೆ ಒಂದು ಕರಿಬೇವಿನ ಮರ, ಕಾಂಪೌಂಡಿಗೆ ಒತ್ತಿಕೊಂಡು ಬೆಳೆದ ಒಂದು ಗಸಗಸೆ ಹಣ್ಣಿನ ಮರ ಮತ್ತು ನಾಲ್ಕಾರು ದಾಸವಾಳದ ಗಿಡಗಳಿವೆ. ನಿಕಾನ್ ಕೂಲ್‌ಪಿಕ್ಸ್ ಪಿ950 ಕ್ಯಾಮೆರಾವನ್ನು ಎರಡು ವರ್ಷಗಳಿಂದ ನಾನು ಬಹುಮಟ್ಟಿಗೆ ಈ ಹಿತ್ತಲಲ್ಲೇ ಬಳಸಿದ್ದೇನೆ. ಆದ್ದರಿಂದ ಈ ವಿಮರ್ಶೆಯನ್ನು ಸಫಾರಿಗೆ ಹೋಗುವವರಿಗಾಗಿ ಬರೆಯುತ್ತಿಲ್ಲ. ಅಡುಗೆಮನೆಯ ಕಿಟಕಿಯಿಂದಲೋ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತೋ ಪಿಕಳಾರ, ಸೂರಕ್ಕಿ, ಮಡಿವಾಳಗಳ ಚಿತ್ರ ತೆಗೆಯಬಯಸುವ ಹವ್ಯಾಸಿಗಳಿಗಾಗಿ ಬರೆಯುತ್ತಿದ್ದೇನೆ.

2020ರ ಜನವರಿಯಲ್ಲಿ ಪ್ರಕಟವಾದ ಈ ಕ್ಯಾಮೆರಾದ ಲೆನ್ಸನ್ನು ಬಿಚ್ಚಿ ಬದಲಿಸಲು ಬರುವುದಿಲ್ಲ. ಇರುವ ಒಂದೇ ಲೆನ್ಸ್ ಪೂರ್ಣ ಫ್ರೇಮಿನ (35 ಮಿ.ಮೀ. ಫಿಲ್ಮ್ ಕ್ಯಾಮೆರಾದ) ಲೆಕ್ಕದಲ್ಲಿ 24 ಮಿ.ಮೀ.ನಿಂದ 2000 ಮಿ.ಮೀ.ವರೆಗೆ, ಅಂದರೆ 83 ಪಟ್ಟು ಜೂಮ್ ಆಗುತ್ತದೆ. ತೂಕ ಸುಮಾರು ಒಂದು ಕೆಜಿ. ಇದಕ್ಕೂ ಹಿಂದಿನ ಪಿ900 ಮಾದರಿಯ ಜೂಮ್ ಇಷ್ಟೇ ಇತ್ತಾದರೂ ಅದರಲ್ಲಿ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರಮಾಹಿತಿ) ಉಳಿಸುವ ಸೌಲಭ್ಯವಿರಲಿಲ್ಲ. ಎಲೆಗಳ ನೆರಳಿನಲ್ಲಿ ಕುಳಿತ ಹಕ್ಕಿಯ ಕಪ್ಪು ಗರಿಗಳಲ್ಲಿ ಅಡಗಿರುವ ವಿವರವನ್ನು ಆಮೇಲೆ ಕಂಪ್ಯೂಟರಿನಲ್ಲಿ ಹೊರತರಬೇಕೆನ್ನುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯವಾದುದು.

2000 ಮಿ.ಮೀ. ಎಂಬ ಸಂಖ್ಯೆಯನ್ನು ಕೇಳಿದವರು ಚಂದ್ರನನ್ನೋ ದೂರದ ಬೆಟ್ಟವನ್ನೋ ನೆನೆಯುತ್ತಾರೆ. ಆದರೆ ದೂರದ ವಸ್ತುಗಳಿಗೆ ಈ ಜೂಮನ್ನು ಬಳಸಿದಾಗ ಬಿಸಿಲಿಗೆ ಕಾದ ಗಾಳಿಯ ಕಂಪನವೇ ಚಿತ್ರವನ್ನು ಕಲಕಿಬಿಡುತ್ತದೆ. ಬೆಳಿಗ್ಗೆ ಹತ್ತರ ನಂತರ ಪಕ್ಕದ ಮನೆಯ ಹೆಂಚಿನ ಮೇಲಿಂದ ಹಾಯುವ ನೋಟವೂ ಹೀಗೆಯೇ ಅಲುಗುತ್ತದೆ. ಈ ಲೆನ್ಸಿನ ನಿಜವಾದ ಪ್ರಯೋಜನ ಹತ್ತಿರದಲ್ಲಿದೆ. ಪೂರ್ಣ ಜೂಮಿನಲ್ಲಿ ಇದು ಸುಮಾರು 5 ಮೀಟರ್ ದೂರದಿಂದ ಫೋಕಸ್ ಮಾಡುತ್ತದೆ, ಮತ್ತು ಅಷ್ಟು ದೂರದಲ್ಲಿ ಚೌಕಟ್ಟಿನೊಳಗೆ ಹಿಡಿಸುವುದು ಹೆಚ್ಚುಕಡಿಮೆ 9 ಸೆಂಟಿಮೀಟರ್ ಅಗಲದ ಜಾಗ ಮಾತ್ರ. ನಮ್ಮ ದಾಸವಾಳಕ್ಕೆ ಬರುವ ಸೂರಕ್ಕಿಯ ಉದ್ದ ಕೊಕ್ಕಿನಿಂದ ಬಾಲದವರೆಗೆ 10 ಸೆಂಟಿಮೀಟರ್ ಮುಟ್ಟುವುದಿಲ್ಲ! ಎಂದರೆ ಮೆಟ್ಟಿಲಿನಿಂದ ಎದ್ದು ಒಂದು ಹೆಜ್ಜೆಯನ್ನೂ ಮುಂದಿಡದೆ ಅದರ ಚಿತ್ರವನ್ನು ಚೌಕಟ್ಟಿನ ತುಂಬ ಪಡೆಯಬಹುದು. ಮಡಿವಾಳಕ್ಕೆ 10 ಮೀಟರ್ ದೂರವಾದರೂ ಸಾಕು. ಅದಕ್ಕಿಂತ ದೂರಕ್ಕೆ ಕ್ಯಾಮೆರಾವನ್ನು ಒಡ್ಡುವ ಅಗತ್ಯ ಸಾಮಾನ್ಯ ಹಿತ್ತಲಿನಲ್ಲಿ ಬರುವುದು ಅಪರೂಪ.

ಇಷ್ಟು ಜೂಮ್ ಇಷ್ಟು ಚಿಕ್ಕ ಗಾತ್ರದಲ್ಲಿ ಸಾಧ್ಯವಾಗಿರುವುದು ಸೆನ್ಸರ್, ಅಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಫಲಕ, ಪುಟ್ಟದಾಗಿರುವುದರಿಂದ. ಪೂರ್ಣ ಜೂಮಿನಲ್ಲೂ ಲೆನ್ಸಿನ ನಿಜವಾದ ಫೋಕಲ್ ಲೆಂತ್ (ಸಂಗಮದೂರ) 357 ಮಿ.ಮೀ. ಮಾತ್ರ, 16 ಮೆಗಾಪಿಕ್ಸೆಲ್‌ಗಳನ್ನು ಹೊತ್ತ ಸೆನ್ಸರಿನ ಅಗಲ 6 ಮಿ.ಮೀ.ಗಿಂತ ತುಸು ಹೆಚ್ಚು, ವಿಸ್ತೀರ್ಣವು ಸಾಧಾರಣ ಡಿಎಸ್‌ಎಲ್‌ಆರ್ ಸೆನ್ಸರಿನ ಸುಮಾರು 13ನೇ ಒಂದು ಪಾಲು. ಜೊತೆಗೆ ಜೂಮ್ ಪೂರ್ತಿ ಚಾಚಿದಾಗ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್ 6.5ಕ್ಕೆ ಕಿರಿದಾಗುತ್ತದೆ. ಹೀಗಾಗಿ ಇದು ಬಿಸಿಲನ್ನು ಬೇಡುವ ಕ್ಯಾಮೆರಾ. ಡಿಸೆಂಬರಿನ ಬೆಳಿಗ್ಗೆ ಎಂಟು ಗಂಟೆಯ ಎಳೆಬಿಸಿಲು ಬೆನ್ನ ಹಿಂದಿನಿಂದ ಬೀಳುತ್ತಿದ್ದಾಗ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆಯ ಮಟ್ಟ) 100 ಅಥವಾ 200ರಲ್ಲಿ ತೆಗೆದ ಗಂಡು ಸೂರಕ್ಕಿಯ ಕೊರಳಿನ ನೇರಳೆ ಹೊಳಪು ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ. ಆದರೆ ಜೂನ್‌–ಜುಲೈ ತಿಂಗಳ ಮೋಡದ ದಿನಗಳಲ್ಲಿ ಐಎಸ್‌ಒ 800 ದಾಟಿತೆಂದರೆ ಗರಿಗಳ ಎಳೆಗಳು ಒಂದಕ್ಕೊಂದು ಕಲಸಿಕೊಂಡು ಬಣ್ಣ ಬಳಿದಂತೆ ಕಾಣತೊಡಗುತ್ತವೆ. ಅಪರ್ಚರನ್ನು ಇನ್ನೂ ಕಿರಿದುಗೊಳಿಸಿದರೆ ಚಿತ್ರ ಹರಿತವಾದೀತೆಂದು ಎಣಿಸುವುದು ತಪ್ಪು. ಇಷ್ಟು ಸಣ್ಣ ಸೆನ್ಸರಿನಲ್ಲಿ ಬೆಳಕಿನ ವಿವರ್ತನೆಯಿಂದಾಗಿ (ಕಿರಿದಾದ ಕಿಂಡಿಯಲ್ಲಿ ಹಾಯುವಾಗ ಬೆಳಕು ಚದುರುವುದರಿಂದ) ಅದು ಮತ್ತಷ್ಟು ಮಸುಕಾಗುತ್ತದೆ.

ಅಲುಗಾಟ ತಡೆಯುವ ವ್ಯವಸ್ಥೆ ಚೆನ್ನಾಗಿದೆ. ಆದರೂ ಅದನ್ನೊಂದನ್ನೇ ನಂಬದೆ, ಅರ್ಧ ಕೆಜಿ ಅಕ್ಕಿ ತುಂಬಿ ಬಾಯಿ ಹೊಲಿದ ಬಟ್ಟೆಚೀಲವನ್ನು ಕಿಟಕಿಯ ದಂಡೆಯ ಮೇಲಿಟ್ಟು ಅದರ ಮೇಲೆ ಲೆನ್ಸನ್ನು ಊರಿ ತೆಗೆದರೆ, ಸೆಕೆಂಡಿನ 250ನೇ ಒಂದು ಭಾಗದ ಶಟರ್ ವೇಗದಲ್ಲೂ ಹರಿತವಾದ ಚಿತ್ರಗಳು ಸಿಗುತ್ತವೆ. ಹಿತ್ತಲಿಗೆ ಟ್ರೈಪಾಡಿಗಿಂತ ಈ ಚೀಲವೇ ಅನುಕೂಲವೆಂದು ನನ್ನ ಅನುಭವ.

ಫೋಕಸಿನ ವಿಷಯದಲ್ಲಿ ತಾಳ್ಮೆ ಬೇಕು. ಇದು ಕಾಂಟ್ರಾಸ್ಟನ್ನು (ಬೆಳಕು–ನೆರಳಿನ ವ್ಯತ್ಯಾಸವನ್ನು) ಅಳೆದು ಫೋಕಸ್ ಮಾಡುವ ವಿಧಾನವಾದುದರಿಂದ, ಕರಿಬೇವಿನ ಹಣ್ಣಿಗೆ ಬಂದ ಪಿಕಳಾರವನ್ನು ಬಿಟ್ಟು ಅದರ ಮುಂದಿನ ಎಲೆಯನ್ನು ಹಿಡಿಯುವುದುಂಟು. ಫೋಕಸ್ ಪ್ರದೇಶವನ್ನು ಅತಿ ಚಿಕ್ಕ ಚೌಕಕ್ಕೆ ಇಳಿಸಿ ಹಕ್ಕಿಯ ಕಣ್ಣಿನ ಮೇಲಿಟ್ಟರೆ ಈ ತೊಂದರೆ ಬಹುಪಾಲು ಕಡಿಮೆಯಾಗುತ್ತದೆ. ಸೆಕೆಂಡಿಗೆ 7ರಂತೆ 10 ಚಿತ್ರಗಳನ್ನು ತೆಗೆದ ಮೇಲೆ ಕ್ಯಾಮೆರಾ ತುಸು ತಡೆದು ನಿಲ್ಲುತ್ತದೆ. ಹಾರುವ ಹಕ್ಕಿಯನ್ನು ಹಿಡಿಯುವುದೇ ಮುಖ್ಯ ಎನ್ನುವವರು ಇದನ್ನು ಕೊಳ್ಳಬಾರದು. ಅಷ್ಟು ಜೂಮಿನಲ್ಲಿ ಹಕ್ಕಿ ರೆಂಬೆ ಬದಲಿಸಿ ಕಣ್ಮರೆಯಾದಾಗ ಲೆನ್ಸಿನ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದರೆ ನೋಟ ಕ್ಷಣಕಾಲ ಅಗಲವಾಗಿ, ಬಿಟ್ಟೊಡನೆ ಹಿಂದಿನ ಜೂಮಿಗೆ ಮರಳುತ್ತದೆ. ಈ ಗುಂಡಿಯನ್ನು ಯೋಚಿಸಿ ಇಟ್ಟವರಿಗೆ ನಾನು ಕೃತಜ್ಞ.

ಮ್ಯಾಕ್ರೋದಲ್ಲಿ 1 ಸೆಂಟಿಮೀಟರಿನಷ್ಟು ಹತ್ತಿರ ಹೋಗಬಹುದು. ಕೆಸುವಿನ ಎಲೆಯ ಮೇಲಿನ ಹನಿಗೆ, ಜೇಡನ ಬಲೆಗೆ ಅದು ಸಾಲುತ್ತದೆ. ಚಿಟ್ಟೆಗಳಿಗೆ ಮಾತ್ರ ದೂರದ ಜೂಮೇ ಮೇಲು.

ಕಳೆದ ಮಾರ್ಚಿನಲ್ಲಿ ದಾಸವಾಳದ ರೆಂಬೆಯ ತುದಿಗೆ ಸೂರಕ್ಕಿಯೊಂದು ಗೂಡು ಕಟ್ಟಿತು. ಹೆಣ್ಣು ಒಂಟಿಯಾಗಿ ಜೇಡರ ಬಲೆಯ ಎಳೆಗಳನ್ನೂ ತೊಗಟೆಯ ಚೂರುಗಳನ್ನೂ ತಂದು ಹೆಣೆದ ಆ ತೂಗುವ ಚೀಲದ ಬಳಿಗೆ ಮನುಷ್ಯರು ಪದೇ ಪದೇ ಸುಳಿದರೆ ಹಕ್ಕಿ ಗೂಡನ್ನೇ ತೊರೆಯುವ ಭಯವಿರುತ್ತದೆ, ಕಾಗೆಗಳ ಕಣ್ಣೂ ಅತ್ತ ಬೀಳುತ್ತದೆ. ಮರಿಗಳು ಹಾರಿಹೋಗುವವರೆಗೆ ನಾವು ಯಾರೂ ಆ ಗಿಡದ ಹತ್ತಿರ ಹೋಗಲಿಲ್ಲ. ಗೂಡಿನ ಬಾಯಿಯ ಮೇಲಿನ ಪುಟ್ಟ ಚಾವಣಿ, ತಂದೆ ತಾಯಿ ಸರದಿಯಲ್ಲಿ ತಂದ ಹುಳುಗಳು, ಚಾಚಿಕೊಂಡ ಎರಡು ಕೊಕ್ಕುಗಳು, ಎಲ್ಲವನ್ನೂ ಅಡುಗೆಮನೆಯ ಕಿಟಕಿಯ ದಂಡೆಯ ಮೇಲಿನ ಅಕ್ಕಿಚೀಲದಿಂದಲೇ ತೆಗೆದೆ.