ಥಾಮ್ಸನ್ನರ ನಡುವೆ ಎಂಟು ವರ್ಷ: ಸಂಯುಕ್ತ ಗ್ರಂಥಸೂಚಿ ಸೇವೆಯೊಂದರ ಬಳಕೆದಾರರ ವಿಮರ್ಶೆ

ಹಲವು ಗ್ರಂಥಾಲಯಗಳ ಪುಸ್ತಕಗಳನ್ನೂ ಪತ್ರಾಗಾರಗಳಲ್ಲಿರುವ ಕಾಗದಪತ್ರಗಳನ್ನೂ ಒಂದೇ ಕಡೆ ಹುಡುಕಲು ಅನುವು ಮಾಡಿಕೊಡುವ ಸಂಯುಕ್ತ ಗ್ರಂಥಸೂಚಿಯೊಂದನ್ನು ನಾನು ಎಂಟು ವರ್ಷಗಳಿಂದ ಚಂದಾದಾರನಾಗಿ ಬಳಸುತ್ತಿದ್ದೇನೆ. ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳ ಬರಹಗಳನ್ನು ಪಟ್ಟಿ ಮಾಡುವುದು ನನ್ನ ಕೆಲಸ. ಅದರಲ್ಲಿ ಅತಿ ಹೆಚ್ಚು ಸಮಯ ಹಿಡಿದ ಕುಲನಾಮ ಥಾಮ್ಸನ್. ಈ ವಿಮರ್ಶೆಯನ್ನು ಆ ಒಂದು ಹೆಸರನ್ನು ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಅಪರೂಪದ ಹೆಸರಿನ ಲೇಖಕರನ್ನು ಯಾವ ಸೇವೆಯಾದರೂ ಹುಡುಕಿಕೊಡುತ್ತದೆ. ಹಲವರು ಹಂಚಿಕೊಂಡ ಹೆಸರು ಎದುರಾದಾಗಲೇ ಗ್ರಂಥಸೂಚಿಯೊಂದರ ಗಟ್ಟಿತನ ತಿಳಿಯುವುದು.

ಮೊದಲು ಮೆಚ್ಚಿದ ಸಂಗತಿ. ಕುಲನಾಮವೊಂದನ್ನೇ ಬರೆದು ಹುಡುಕಿದರೆ ಈ ಸೇವೆ ಹೆಚ್ಚು ಬಳಕೆಯಾದ ಹತ್ತು ಪುಸ್ತಕಗಳನ್ನು ಮಾತ್ರ ಮುಂದಿಟ್ಟು ಉಳಿದವನ್ನು ಮರೆಮಾಡುವುದಿಲ್ಲ. ಲೇಖಕರ ಪೂರ್ಣ ಸಾಲನ್ನೇ ವರ್ಣಾನುಕ್ರಮದಲ್ಲಿ ತೆರೆದಿಡುತ್ತದೆ. ಆ ಸಾಲನ್ನು ಮೊದಲ ಸಲ ನಿಧಾನವಾಗಿ ಓದಿದ ದಿನ ನನಗೆ ಆದ ಬೆರಗು ಇಂದಿಗೂ ಕಡಿಮೆಯಾಗಿಲ್ಲ. 1897ರಲ್ಲಿ ಕ್ಯಾಥೋಡ್ ಕಿರಣಗಳ ಪ್ರಯೋಗಗಳಿಂದ ಎಲೆಕ್ಟ್ರಾನಿನ ಇರುವಿಕೆಯನ್ನು ತೋರಿಸಿದ ಜೆ. ಜೆ. ಥಾಮ್ಸನ್, ಅದೇ ಎಲೆಕ್ಟ್ರಾನು ಅಲೆಯಂತೆ ವಿವರ್ತನೆಗೊಳ್ಳುತ್ತದೆಂದು ತೋರಿಸಿ 1937ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಅವರ ಮಗ ಜಿ. ಪಿ. ಥಾಮ್ಸನ್, ಸಾಗರದಾಳದ ಜೀವಿಗಳನ್ನು ಅರಸುತ್ತ 1872ರಿಂದ 1876ರವರೆಗೆ ಚಾಲೆಂಜರ್ ನೌಕೆಯಲ್ಲಿ ಸುತ್ತಿದ ತಂಡದ ಮುಖ್ಯಸ್ಥ ವೈವಿಲ್ ಥಾಮ್ಸನ್, ಜೀವಿಗಳ ಆಕಾರಕ್ಕೂ ಗಣಿತಕ್ಕೂ ಇರುವ ನಂಟನ್ನು 1917ರ ‘ಆನ್ ಗ್ರೋತ್ ಅಂಡ್ ಫಾರ್ಮ್’ ಗ್ರಂಥದಲ್ಲಿ ವಿವರಿಸಿದ ಡಾರ್ಸಿ ಥಾಮ್ಸನ್, ಜನಪದ ಕಥೆಗಳ ಆಶಯಗಳನ್ನು ಆರು ಸಂಪುಟಗಳಲ್ಲಿ ವರ್ಗೀಕರಿಸಿದ ಸ್ಟಿತ್ ಥಾಮ್ಸನ್, ಇಂಗ್ಲೆಂಡಿನ ದುಡಿಯುವ ವರ್ಗ ರೂಪುಗೊಂಡ ಚರಿತ್ರೆಯನ್ನು 1963ರಲ್ಲಿ ಪ್ರಕಟಿಸಿದ ಇ. ಪಿ. ಥಾಮ್ಸನ್, ಹಳೆಯ ಗ್ರೀಕ್ ಮತ್ತು ಲ್ಯಾಟಿನ್ ಲಿಪಿಗಳನ್ನು ಓದುವ ಕೈಪಿಡಿ ಬರೆದ ಎಡ್ವರ್ಡ್ ಮಾಂಡ್ ಥಾಮ್ಸನ್, ಇವರೆಲ್ಲರೂ ಅಲ್ಲಿ ಅಕ್ಕಪಕ್ಕದಲ್ಲಿ ಇದ್ದಾರೆ. ವಿಷಯಾನುಸಾರ ಜೋಡಿಸಿದ ಕಪಾಟಿನಲ್ಲಿ ಈ ಗ್ರಂಥಗಳು ಎಂದಿಗೂ ಒಂದರ ಪಕ್ಕ ಒಂದು ಬರುವುದಿಲ್ಲ. ಕುಲನಾಮ ಎಂಬ ಆಕಸ್ಮಿಕ ದಾರ ಮಾತ್ರ ಅವನ್ನು ಹೀಗೆ ಪೋಣಿಸಬಲ್ಲದು, ಮತ್ತು ಆ ನೋಟವನ್ನು ಉಳಿಸಿಕೊಂಡಿರುವುದಕ್ಕಾಗಿ ನಾನು ಈ ಸೇವೆಗೆ ಕೃತಜ್ಞನಾಗಿದ್ದೇನೆ.

ಆದರೆ ಜೇಮ್ಸ್ ಥಾಮ್ಸನ್ ಎಂಬ ಹೆಸರಿನ ಪುಟಕ್ಕೆ ಹೋದ ಕೂಡಲೇ ತೊಂದರೆ ಆರಂಭವಾಗುತ್ತದೆ. ನಾನು ಚಂದಾದಾರನಾದ ಕಾಲದಲ್ಲಿ ಆ ಪುಟದಲ್ಲಿ ಒಬ್ಬನೇ ಲೇಖಕನಿದ್ದ. ಅವನು ‘ದಿ ಸೀಸನ್ಸ್’ ಎಂಬ ಋತುಕಾವ್ಯವನ್ನು ಬರೆದು, ಶಾಲಾ ಅಂಕಗಣಿತದ ಪಠ್ಯಪುಸ್ತಕ ರಚಿಸಿ, ಜಲಯಂತ್ರಗಳ ಬಗ್ಗೆ ಪ್ರಬಂಧ ಮಂಡಿಸಿ, ನಿರಾಶೆಯ ನಗರವೊಂದರ ಕುರಿತು ದೀರ್ಘ ಕವನವನ್ನೂ ಹೆಣೆದಿದ್ದ. ನಿಜದಲ್ಲಿ ಇವರು ನಾಲ್ವರು: 1700ರಲ್ಲಿ ಹುಟ್ಟಿದ ಕವಿ, 1786ರಲ್ಲಿ ಹುಟ್ಟಿದ ಗಣಿತಜ್ಞ, ಆ ಗಣಿತಜ್ಞನ ಮಗನಾಗಿ 1822ರಲ್ಲಿ ಹುಟ್ಟಿದ ಎಂಜಿನಿಯರ್, ಮತ್ತು 1834ರಲ್ಲಿ ಹುಟ್ಟಿದ ಇನ್ನೊಬ್ಬ ಕವಿ. ಕೋನದ ಅಳತೆಗೆ ‘ರೇಡಿಯನ್’ ಎಂಬ ಪದವನ್ನು 1873ರಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆಯೊಂದರಲ್ಲಿ ಬಳಸಿದವರು ಈ ಪೈಕಿ ಎಂಜಿನಿಯರ್ ಜೇಮ್ಸ್. ಕಿರಿಯ ಕವಿಯಂತೂ ಹಿರಿಯ ಕವಿಯಿಂದ ತನ್ನನ್ನು ಬೇರೆಯಾಗಿ ಗುರುತಿಸಲೆಂದೇ ‘ಬಿ. ವಿ.’ ಎಂಬ ಅಕ್ಷರಗಳಡಿ ಬರೆದವರು. ಲೇಖಕರು ಇಷ್ಟು ಎಚ್ಚರ ವಹಿಸಿದ್ದರೂ ಯಂತ್ರ ಅವರನ್ನು ಮತ್ತೆ ಕಲಸಿಟ್ಟಿತ್ತು ಎಂಬುದು ನನಗೆ ನಿಜವಾಗಿ ನೋವು ತಂದ ವಿಷಯ.

ಅದರ ಎದುರು ಬದಿಯ ದೋಷವೂ ಇತ್ತು. ಚಾಲೆಂಜರ್ ಯಾತ್ರೆಯ ವರದಿಗಳು 1880ರಿಂದ 1895ರವರೆಗೆ 50 ಸಂಪುಟಗಳಾಗಿ ಹೊರಬಂದವು. ವೈವಿಲ್ ಥಾಮ್ಸನ್ 1882ರಲ್ಲೇ ತೀರಿಕೊಂಡರು, ಉಳಿದ ಹೊಣೆಯನ್ನು ಜಾನ್ ಮರ್ರೆ ಹೊತ್ತರು. ಈ ಸೇವೆ ಸಾವಿನ ನಂತರದ ಸಂಪುಟಗಳನ್ನು ಬೇರೊಬ್ಬ ಥಾಮ್ಸನ್‌ನ ಖಾತೆಗೆ ಹಾಕಿ, ಒಬ್ಬ ಮನುಷ್ಯನನ್ನು ಇಬ್ಬರನ್ನಾಗಿ ಮಾಡಿತ್ತು.

ಎರಡೂ ತಪ್ಪುಗಳೇ, ಆದರೆ ಎರಡರ ತೂಕ ಒಂದೇ ಅಲ್ಲ. ಒಬ್ಬನೇ ಲೇಖಕ ಎರಡು ಕಡೆ ಒಡೆದಿದ್ದರೆ ಓದುಗನಿಗೆ ಎರಡು ಪುಟಗಳನ್ನು ತೆರೆಯುವ ಶ್ರಮ ಬೀಳುತ್ತದೆ, ಅಷ್ಟೇ. ಎರಡೂ ಕಡೆಯ ಮಾಹಿತಿ ತನ್ನಷ್ಟಕ್ಕೆ ಸರಿಯಾಗಿಯೇ ಇರುತ್ತದೆ. ನಾಲ್ವರು ಒಬ್ಬನಾಗಿ ಬೆರೆತುಹೋದರೆ ಮಾತ್ರ ಪ್ರತಿಯೊಂದು ದಾಖಲೆಯನ್ನೂ ತೆರೆದು, ಶೀರ್ಷಿಕೆ ಪುಟವನ್ನು ನೋಡಿ, ಪ್ರಕಟಣೆಯ ವರ್ಷ ಮತ್ತು ವಿಷಯವನ್ನು ತಾಳೆ ಹಾಕಿಯೇ ಬಿಡಿಸಬೇಕು. ಅಲ್ಲಿಯವರೆಗೆ ಆ ಪುಟದ ಯಾವ ಸಾಲನ್ನೂ ನಂಬುವಂತಿಲ್ಲ. ಇಂತಹ ಸೇವೆಯನ್ನು ಕಟ್ಟುವವರಲ್ಲಿ ನನ್ನ ಒಂದೇ ಕೋರಿಕೆ: ಖಚಿತವಾಗುವವರೆಗೆ ಯಾರನ್ನೂ ಒಂದುಗೂಡಿಸಬೇಡಿ. ಎಂಟು ವರ್ಷಗಳ ಬಳಕೆಯಿಂದ ನಾನು ತಲುಪಿದ ನಿಲುವು ಇದು, ಮತ್ತು ಇದರಲ್ಲಿ ರಾಜಿಗೆ ಅವಕಾಶವಿದೆಯೆಂದು ನನಗೆ ಅನ್ನಿಸುವುದಿಲ್ಲ.

ಪತ್ರಾಗಾರದ ವಿಭಾಗಕ್ಕೆ ಬಂದರೆ ಕುಲನಾಮದ ಪ್ರಶ್ನೆ ಇನ್ನೂ ಜಟಿಲವಾಗುತ್ತದೆ. ಎಂಜಿನಿಯರ್ ಜೇಮ್ಸ್‌ನ ತಮ್ಮ ವಿಲಿಯಂ ಥಾಮ್ಸನ್ 1866ರಲ್ಲಿ ಸರ್ ಪದವಿಯನ್ನೂ 1892ರಲ್ಲಿ ಲಾರ್ಡ್ ಕೆಲ್ವಿನ್ ಎಂಬ ಬಿರುದನ್ನೂ ಪಡೆದರು. ಅವರ ಬದುಕಿನ ಬಹುಪಾಲು ಲೇಖನಗಳು ಥಾಮ್ಸನ್ ಹೆಸರಿನಲ್ಲೂ ಕೊನೆಯ ಹದಿನೈದು ವರ್ಷಗಳವು ಕೆಲ್ವಿನ್ ಹೆಸರಿನಲ್ಲೂ ಇವೆ. ಗ್ರಂಥಾಲಯಗಳ ಅಧಿಕೃತ ನಾಮಪಟ್ಟಿಗಳು ಅವರನ್ನು ಕೆಲ್ವಿನ್ ಎಂದೇ ದಾಖಲಿಸುವುದರಿಂದ, ಥಾಮ್ಸನ್ ಎಂದು ಮಾತ್ರ ಹುಡುಕುವವರಿಗೆ ಆ ಹೆಸರಿನ ಅತಿ ಪ್ರಸಿದ್ಧ ಲೇಖಕರೇ ಕೈತಪ್ಪಿಹೋಗುವ ಅಪಾಯವಿದೆ. ಈ ಸೇವೆಯಲ್ಲಿ ಥಾಮ್ಸನ್ ಸಾಲಿನಿಂದ ಕೆಲ್ವಿನ್ ಪುಟಕ್ಕೆ ಕೈಮರವೊಂದನ್ನು ಇಟ್ಟಿದ್ದಾರೆ. ಅವರ ಕಾಗದಪತ್ರಗಳು ಕೇಂಬ್ರಿಜ್ ಮತ್ತು ಗ್ಲಾಸ್ಗೋ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಹಂಚಿಹೋಗಿವೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ನೋಡಲು ಸಾಧ್ಯವಾದುದರಿಂದ ನನ್ನ ತಿಂಗಳುಗಳ ಕೆಲಸ ಉಳಿಯಿತು.

ಆದರೂ ಪತ್ರಗಳಲ್ಲಿ ಹೆಸರೇ ಇಲ್ಲದ ಸಂದರ್ಭಗಳಿಗೆ ಯಾವ ಹುಡುಕಾಟವೂ ಸಾಲದು. ವಿಲಿಯಂ ಥಾಮ್ಸನ್ ಮತ್ತು ಪೀಟರ್ ಟೇಟ್ ಇಬ್ಬರೂ ಸೇರಿ 1867ರಲ್ಲಿ ಭೌತವಿಜ್ಞಾನದ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ತಮ್ಮ ಪತ್ರಗಳಲ್ಲಿ ಒಬ್ಬರು ‘ಟಿ’, ಇನ್ನೊಬ್ಬರು ಮೇಲೊಂದು ಗೀಟು ಹಾಕಿದ ‘ಟಿ’. ಈ ಒಂದಕ್ಷರದ ಸಹಿಯನ್ನು ಲೇಖಕನೊಬ್ಬನಿಗೆ ಜೋಡಿಸಲು ಪತ್ರವನ್ನು ಓದಿದ ಮನುಷ್ಯನೇ ಬೇಕು. ಪತ್ರಾಗಾರದ ಸಿಬ್ಬಂದಿ ಬರೆದಿಟ್ಟ ವಿವರಣೆಗಳನ್ನು ಈ ಸೇವೆ ಸಂಕ್ಷೇಪಿಸದೆ ಪೂರ್ತಿಯಾಗಿ ಕೊಡುತ್ತದೆ. ಇದರ ಬೆಲೆ ಇಂತಹ ಕಡೆಗಳಲ್ಲಿ ತಿಳಿಯುತ್ತದೆ.

ಕಾಗುಣಿತದ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಈ ಕುಲನಾಮವನ್ನು ಪಿ ಅಕ್ಷರ ಸೇರಿಸಿಯೂ ಸೇರಿಸದೆಯೂ ಬರೆಯುತ್ತಾರೆ. ಉಚ್ಚಾರಣೆಯಲ್ಲಿ ಆ ಅಕ್ಷರ ಕೇಳಿಸದ ಕಾರಣ ಕನ್ನಡದಲ್ಲಿ ಬರೆದಾಗ ಎಲ್ಲರೂ ಥಾಮ್ಸನ್ನರೇ ಆಗುತ್ತಾರೆ. ಪಿ ಇಲ್ಲದ ವಿಲಿಯಂ ಥಾಮ್ಸನ್ನರ ಜೀವನಚರಿತ್ರೆಯನ್ನು 1910ರಲ್ಲಿ ಎರಡು ಸಂಪುಟಗಳಲ್ಲಿ ಬರೆದವರು ಪಿ ಇರುವ ಸಿಲ್ವೇನಸ್ ಥಾಮ್ಸನ್. ಅದೇ ವರ್ಷ ಅವರ ‘ಕ್ಯಾಲ್ಕ್ಯುಲಸ್ ಮೇಡ್ ಈಸಿ’ ಲೇಖಕರ ಹೆಸರಿಲ್ಲದೆ, ‘ಎಫ್.ಆರ್.ಎಸ್.’ (ರಾಯಲ್ ಸೊಸೈಟಿಯ ಸದಸ್ಯ) ಎಂಬ ಮೂರು ಅಕ್ಷರಗಳನ್ನಷ್ಟೇ ಹೊತ್ತು ಪ್ರಕಟವಾಯಿತು. ಮೊದಲ ಮುದ್ರಣದ ಈ ಪ್ರತಿಗಳನ್ನು ಸಿಲ್ವೇನಸ್ ಅವರ ಪುಟದಲ್ಲಿ ಸರಿಯಾಗಿ ಇಟ್ಟಿರುವುದನ್ನು ನೋಡಿ ನನಗೆ ಸಂತೋಷವಾಯಿತು.

ಈ ಎಂಟು ವರ್ಷಗಳಲ್ಲಿ ಸೇವೆ ಸುಧಾರಿಸಿದೆ. ಇನಿಷಿಯಲ್ ನೋಡಿ ಒಂದುಗೂಡಿಸುವ ಪದ್ಧತಿಯನ್ನು ಬಿಟ್ಟು, ಪ್ರತಿ ಲೇಖಕರಿಗೂ ಐಎಸ್‌ಎನ್‌ಐ ಎಂಬ 16 ಅಂಕೆಗಳ ಅಂತಾರಾಷ್ಟ್ರೀಯ ಗುರುತುಸಂಖ್ಯೆಯನ್ನು ತೋರಿಸತೊಡಗಿದ್ದಾರೆ. ಹಲವು ದೇಶಗಳ ರಾಷ್ಟ್ರೀಯ ಗ್ರಂಥಾಲಯಗಳ ನಾಮಪಟ್ಟಿಗಳನ್ನು ಒಂದಕ್ಕೊಂದು ಜೋಡಿಸುವ ವಿಯಾಫ್‌ಗೂ ಕೊಂಡಿ ಇದೆ. ಈಗಿನ ಸಂಶೋಧಕರಿಗೆ ಆರ್ಕಿಡ್ ಎಂಬ ಇನ್ನೊಂದು ಗುರುತುಸಂಖ್ಯೆಯನ್ನೂ ಸೇರಿಸಿದ್ದಾರೆ. ಆದರೆ 2012ರಲ್ಲಿ ಆರಂಭವಾದ ಆರ್ಕಿಡ್‌ನಲ್ಲಿ ಸಂಶೋಧಕರು ತಾವೇ ನೋಂದಾಯಿಸಿಕೊಳ್ಳಬೇಕಾದ್ದರಿಂದ ಗತಿಸಿದ ಥಾಮ್ಸನ್ನರಿಗೆ ಅದರಿಂದ ಪ್ರಯೋಜನವಿಲ್ಲ. ಅವರ ಪಾಲಿಗೆ ಹುಟ್ಟಿದ ವರ್ಷ, ತೀರಿಕೊಂಡ ವರ್ಷ ಮತ್ತು ಹೆಸರಿನ ಪೂರ್ಣರೂಪವನ್ನು ಬರೆಯುವ ಗ್ರಂಥಪಾಲಕರ ಹಳೆಯ ಕ್ರಮವೇ ಇಂದಿಗೂ ಆಸರೆ.

ತಪ್ಪುಗಳನ್ನು ತಿಳಿಸುವ ವ್ಯವಸ್ಥೆ ನಿಧಾನ, ಆದರೆ ಪ್ರಾಮಾಣಿಕ. ನಾಲ್ವರು ಜೇಮ್ಸ್‌ರನ್ನು ಬೇರ್ಪಡಿಸಲು ನಾನು ಪುರಾವೆ ಸಹಿತ ಬರೆದು ಕಳಿಸಿದಾಗ ಏಳು ತಿಂಗಳ ನಂತರ ಉತ್ತರ ಬಂತು. ಬಂದ ಉತ್ತರದಲ್ಲಿ ಯಾವ ದಾಖಲೆ ಯಾರ ಪುಟಕ್ಕೆ ಏಕೆ ಹೋಯಿತೆಂದು ವಿವರಿಸಿದ್ದರು. ವೈವಿಲ್ ಥಾಮ್ಸನ್‌ರ ಸಂಪುಟಗಳೂ ಈಗ ಒಂದೆಡೆ ಸೇರಿವೆ. ಒಂದೆರಡು ಲೇಖಕರ ಪುಸ್ತಕ ಮಾತ್ರ ಬೇಕಾದವರಿಗೆ ಇದರ ಚಂದಾ ಅಗತ್ಯವಿಲ್ಲ. ಮುದ್ರಿತ ಗ್ರಂಥಗಳನ್ನೂ ಹಸ್ತಪ್ರತಿಗಳನ್ನೂ ಜೊತೆಯಾಗಿ ನೋಡಬೇಕಾದ ಸಂಶೋಧಕರಿಗೆ ನಾನು ಇದನ್ನು ಹಿಂಜರಿಯದೆ ಸೂಚಿಸುತ್ತೇನೆ, ಕುಲನಾಮ ಸಾಮಾನ್ಯವಾದದ್ದಾದರೆ ಶೀರ್ಷಿಕೆ ಪುಟದ ಚಿತ್ರವನ್ನು ತಾವೇ ತೆರೆದು ನೋಡಬೇಕೆಂಬ ಎಚ್ಚರಿಕೆಯೊಡನೆ.

ಸದ್ಯ ಉಳಿದಿರುವುದು ಒಂದು ದಾಖಲೆ. ಎಂಜಿನಿಯರ್ ಜೇಮ್ಸ್ ಥಾಮ್ಸನ್ನರ ಆಯ್ದ ಪ್ರಬಂಧಗಳ ಸಂಪುಟ 1912ರಲ್ಲಿ ಹೊರಬಂತು. ಅದನ್ನು ಸಿದ್ಧಗೊಳಿಸಿದವರು ಜೋಸೆಫ್ ಲಾರ್ಮರ್ ಮತ್ತು ಜೇಮ್ಸ್ ಥಾಮ್ಸನ್ ಎಂದು ಅದರ ಶೀರ್ಷಿಕೆ ಪುಟ ಹೇಳುತ್ತದೆ. ಈ ಸಂಪಾದಕ ಜೇಮ್ಸ್ ಬೇರೊಬ್ಬರು. ಆದರೆ ಅದಕ್ಕೆ ಇಪ್ಪತ್ತು ವರ್ಷ ಮೊದಲೇ ತೀರಿಕೊಂಡಿದ್ದ ಲೇಖಕರು ತಾವೇ ಸಂಪಾದಕರೂ ಆಗಿದ್ದಾರೆಂದು ಗ್ರಂಥಸೂಚಿ ಇನ್ನೂ ತೋರಿಸುತ್ತಿದೆ. ಕಳೆದ ತಿಂಗಳು ಅದನ್ನೂ ಬರೆದು ಕಳಿಸಿದ್ದೇನೆ.